ಶಾಲೆಗಳ ಆಯ್ಕೆಪಟ್ಟಿ: ಇಂಗ್ಲೆಂಡಿನ ಸೀಟು ಹಂಚಿಕೆಯ ಚರಿತ್ರೆ

ಇಂಗ್ಲೆಂಡಿನಲ್ಲಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗೆ ಮಗುವನ್ನು ಸೇರಿಸಲು ತಂದೆತಾಯಿ ತಾವಿರುವ ಊರಿನ ಕೌನ್ಸಿಲ್‌ಗೆ ಒಂದೇ ಒಂದು ಅರ್ಜಿ ಹಾಕುತ್ತಾರೆ. ಬೇಕಾದ ಶಾಲೆಗಳ ಹೆಸರನ್ನು ಅದರಲ್ಲಿ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆಯಬೇಕು. ಪ್ರೌಢಶಾಲೆಗೆ ಅಕ್ಟೋಬರ್ 31, ಪ್ರಾಥಮಿಕ ಶಾಲೆಗೆ ಜನವರಿ 15 ಕಡೆಯ ದಿನ. ಯಾವ ಶಾಲೆ ಸಿಕ್ಕಿತು ಎಂಬುದು ಪ್ರೌಢಶಾಲೆಯವರಿಗೆ ಮಾರ್ಚ್ 1ರಂದು, ಪ್ರಾಥಮಿಕದವರಿಗೆ ಏಪ್ರಿಲ್ 16ರಂದು ತಿಳಿಯುತ್ತದೆ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಕನಿಷ್ಠ ಮೂರು ಶಾಲೆಗಳ ಹೆಸರು ಬರೆಯಲು ಅವಕಾಶ ಕೊಡಲೇಬೇಕೆಂದು ನಿಯಮವಿದೆ. ಲಂಡನ್ನಿನಲ್ಲಿ ಆರು ಬರೆಯಬಹುದು. ಈ ಪಟ್ಟಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಬರೆದರೂ ಮಗುವಿಗೆ ನಷ್ಟವಾಗುವುದಿಲ್ಲ ಎಂಬ ಭರವಸೆ ಪಾಲಕರಿಗೆ ದೊರೆತದ್ದು 2008ರ ದಾಖಲಾತಿಯಿಂದ. ಅದಕ್ಕೂ ಮೊದಲು ಎಷ್ಟೋ ಊರುಗಳಲ್ಲಿ ನಿಜವಾದ ಇಷ್ಟವನ್ನು ಬರೆದವರೇ ಸೀಟು ಕಳೆದುಕೊಳ್ಳುತ್ತಿದ್ದರು.

ಪಾಲಕರ ಇಚ್ಛೆಗೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 1944ರ ಶಿಕ್ಷಣ ಕಾಯ್ದೆಯಿಂದ. ಆಗ ಶಿಕ್ಷಣದ ಹೊಣೆ ಹೊತ್ತಿದ್ದ ಆರ್. ಎ. ಬಟ್ಲರ್ ಅವರ ಹೆಸರಿನಿಂದಲೇ ಆ ಕಾಯ್ದೆಯನ್ನು ಕರೆಯುವುದು ರೂಢಿ. ಅದರ 76ನೇ ವಿಧಿ, ಮಕ್ಕಳಿಗೆ ತಂದೆತಾಯಿಯ ಇಚ್ಛೆಯಂತೆ ಶಿಕ್ಷಣ ಕೊಡಬೇಕು ಎಂದಿತು. ಆದರೆ ಬೋಧನೆ ಕೆಡಬಾರದು, ಸಾರ್ವಜನಿಕ ಹಣ ಮಿತಿಮೀರಿ ಖರ್ಚಾಗಬಾರದು ಎಂಬ ಷರತ್ತೂ ಜೊತೆಗಿತ್ತು. ಕಾರ್ಯರೂಪದಲ್ಲಿ ಆ ಇಚ್ಛೆಗೆ ಹೆಚ್ಚು ಬೆಲೆ ಇರಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆಯೇ ಮಗು ಓದಿನಲ್ಲಿ ಮುಂದಿರುವವರ ಗ್ರಾಮರ್ ಶಾಲೆಗೆ ಹೋಗುತ್ತದೋ ಉಳಿದವರ ಸೆಕೆಂಡರಿ ಮಾಡರ್ನ್ ಶಾಲೆಗೆ ಹೋಗುತ್ತದೋ ಎಂಬುದನ್ನು ತೀರ್ಮಾನಿಸುತ್ತಿತ್ತು. ತನ್ನ ಮಕ್ಕಳು ತನ್ನ ಧರ್ಮದ ಶಾಲೆಯಲ್ಲಿ ಓದಬೇಕು, ಅದರ ಪೂರ್ತಿ ಶುಲ್ಕವನ್ನು ಕೌನ್ಸಿಲ್ ಕೊಡಬೇಕು ಎಂದು ಕ್ಯಾಥೊಲಿಕ್ ತಂದೆಯೊಬ್ಬರು ಕೆಸ್ಟೆವನ್ ಕೌಂಟಿಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. 76ನೇ ವಿಧಿ ಗಮನದಲ್ಲಿಡಬೇಕಾದ ಸಾಮಾನ್ಯ ತತ್ತ್ವವೇ ಹೊರತು ಪಾಲಕರಿಗೆ ಕೊಟ್ಟ ಹಕ್ಕಲ್ಲ ಎಂದು 1955ರಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಮುಂದಿನ ಇಪ್ಪತ್ತೈದು ವರ್ಷ ಕೌನ್ಸಿಲ್‌ಗಳಿಗೆ ಅದೇ ರಕ್ಷಣೆಯಾಯಿತು.

1965ರಲ್ಲಿ ಸರ್ಕಾರ ಹೊರಡಿಸಿದ ಸುತ್ತೋಲೆಯೊಂದು ಪರೀಕ್ಷೆಯ ಆಧಾರದ ವಿಂಗಡಣೆಯನ್ನು ಬಿಟ್ಟು ಎಲ್ಲ ಮಕ್ಕಳೂ ಒಟ್ಟಿಗೆ ಓದುವ ಕಾಂಪ್ರೆಹೆನ್ಸಿವ್ ಶಾಲೆಗಳಿಗೆ ಬದಲಾಗುವಂತೆ ಕೌನ್ಸಿಲ್‌ಗಳನ್ನು ಕೇಳಿಕೊಂಡಿತು. ಎಲ್ಲ ಶಾಲೆಯೂ ಎಲ್ಲರದೆಂದ ಮೇಲೆ ಯಾರು ಯಾವ ಶಾಲೆಗೆ ಹೋಗಬೇಕು? ಬಹುತೇಕ ಕೌಂಟಿಗಳು ಊರನ್ನು ವಲಯಗಳಾಗಿ ಹಂಚಿ, ಇಂಥ ಬೀದಿಯ ಮಕ್ಕಳಿಗೆ ಇಂಥ ಶಾಲೆ ಎಂದು ಗೆರೆ ಎಳೆದವು. ಒಳ ಲಂಡನ್ನಿನ ಶಿಕ್ಷಣ ಪ್ರಾಧಿಕಾರದ ದಾರಿ ಬೇರೆಯಿತ್ತು. ಅಲ್ಲಿ ಪಾಲಕರಿಗೆ ಶಾಲೆ ಆರಿಸುವ ಅವಕಾಶವಿತ್ತು. ಆದರೆ ಮಕ್ಕಳನ್ನು ಕಲಿಕೆಯ ಮಟ್ಟ ನೋಡಿ ಮೂರು ಪಟ್ಟಿಗಳಾಗಿ, ಶೇ. 25, ಶೇ. 50, ಶೇ. 25 ಎಂಬ ಪ್ರಮಾಣದಲ್ಲಿ ಗುರುತಿಸಿ, ಪ್ರತಿ ಶಾಲೆಯಲ್ಲೂ ಮೂರೂ ಪಟ್ಟಿಯ ಮಕ್ಕಳು ಇರುವಂತೆ ನೋಡಿಕೊಳ್ಳುತ್ತಿದ್ದರು. ಚೆನ್ನಾಗಿ ಓದುವವರೆಲ್ಲ ಒಂದೇ ಕಡೆ ಸೇರುವುದನ್ನು ತಡೆಯಲು ಆ ಕಾಲದಲ್ಲಿ ಮಾಡಿದ ಪ್ರಾಮಾಣಿಕ ಪ್ರಯತ್ನಗಳಲ್ಲಿ ಇದು ಮುಖ್ಯವಾದದ್ದು.

1970ರ ದಶಕದಲ್ಲಿ ಜನನ ಪ್ರಮಾಣ ಇಳಿದು ತರಗತಿಗಳು ಖಾಲಿಯಾಗತೊಡಗಿದವು. ಯಾವ ಶಾಲೆಯೂ ಮುಚ್ಚದಂತೆ ಕೌನ್ಸಿಲ್‌ಗಳು ಮಕ್ಕಳನ್ನು ಸಮನಾಗಿ ಹಂಚಲು ನೋಡಿದವು. ಬೇಡಿಕೆಯಿದ್ದ ಶಾಲೆಯಲ್ಲಿ ಬೆಂಚು ಖಾಲಿ ಬಿದ್ದಿದ್ದರೂ ಪಕ್ಕದ ಬೀದಿಯ ಮಗುವಿಗೆ ಸೀಟಿಲ್ಲ ಎನ್ನುವುದನ್ನು ಪಾಲಕರು ಒಪ್ಪಲಿಲ್ಲ. ಥ್ಯಾಚರ್ ಸರ್ಕಾರದ 1980ರ ಶಿಕ್ಷಣ ಕಾಯ್ದೆ ಬಂದದ್ದು ಈ ಸಿಟ್ಟಿನ ನಡುವೆ. ಪಾಲಕರು ಶಾಲೆಯ ಹೆಸರನ್ನೂ ಅದನ್ನು ಆರಿಸಿದ ಕಾರಣವನ್ನೂ ತಿಳಿಸಲು ಪ್ರತಿ ಕೌನ್ಸಿಲ್ ವ್ಯವಸ್ಥೆ ಮಾಡಬೇಕು, ತಕ್ಕ ಕಾರಣವಿಲ್ಲದೆ ಅದನ್ನು ನಿರಾಕರಿಸಬಾರದು, ನಿರಾಕರಿಸಿದರೆ ಮೇಲ್ಮನವಿಗೆ ಸಮಿತಿ ಇರಬೇಕು ಎಂದು ಅದು ವಿಧಿಸಿತು. ಆಯ್ಕೆಯ ಅರ್ಜಿ ನಮೂನೆ ದೇಶದ ಎಲ್ಲ ಕಡೆಗೂ ಬಂದದ್ದು ಹೀಗೆ. ಸ್ಕಾಟ್ಲೆಂಡ್ 1981ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಅಲ್ಲಿ ಪ್ರತಿ ಮಗುವಿಗೂ ವಾಸದ ವಲಯದ ಶಾಲೆ ಮೊದಲೇ ಗೊತ್ತಾಗಿರುತ್ತದೆ. ಬೇರೆ ಶಾಲೆ ಬೇಕೆನ್ನುವವರು ಮಾತ್ರ ಪ್ರತ್ಯೇಕ ಕೋರಿಕೆ ಸಲ್ಲಿಸುತ್ತಾರೆ.

ಶಿಕ್ಷಣ ಸಚಿವ ಕೆನೆತ್ ಬೇಕರ್ ತಂದ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಇನ್ನೂ ದೂರ ಹೋಯಿತು. ಕಟ್ಟಡದಲ್ಲಿ ಜಾಗವಿರುವವರೆಗೆ ಶಾಲೆ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕಾಯಿತು. ಅನುದಾನವೂ ಬಹುಪಾಲು ಮಕ್ಕಳ ಸಂಖ್ಯೆಯನ್ನು ಅವಲಂಬಿಸತೊಡಗಿತು. 1992ರಿಂದ ಪರೀಕ್ಷಾ ಫಲಿತಾಂಶದ ಪಟ್ಟಿಗಳು ಪತ್ರಿಕೆಗಳಲ್ಲಿ ಅಚ್ಚಾದ ಮೇಲೆ ಕೆಲವು ಶಾಲೆಗಳ ಮುಂದೆ ನೂಕುನುಗ್ಗಲು ಶುರುವಾಯಿತು. ಇಷ್ಟಾಗಿಯೂ ಕಾಯ್ದೆಗಳು ಕೊಟ್ಟದ್ದು ಶಾಲೆಯನ್ನು ಕೇಳುವ ಹಕ್ಕನ್ನೇ ಹೊರತು ಪಡೆಯುವ ಹಕ್ಕನ್ನಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಯಾರಿಗೆ ಮೊದಲು ಎಂಬ ಪ್ರಶ್ನೆಯ ಮೇಲೆಯೇ ಮುಂದಿನ ಜಗಳಗಳೆಲ್ಲ ನಡೆದವು.

ಎರಡು ತೀರ್ಪುಗಳು ಈ ಚರಿತ್ರೆಯ ದಿಕ್ಕನ್ನೇ ಬದಲಿಸಿದವು. ಒಳ ಲಂಡನ್ನಿನ ಪ್ರಾಧಿಕಾರ 1990ರಲ್ಲಿ ರದ್ದಾಗಿ ಶಾಲೆಗಳು ಒಂದೊಂದು ಬರೋದ, ಅಂದರೆ ನಗರದ ಆಡಳಿತ ವಿಭಾಗದ, ಕೈಗೆ ಬರುವುದಿತ್ತು. ಗ್ರೀನಿಚ್ ಬರೋ ತನ್ನ ಶಾಲೆಗಳಲ್ಲಿ ತನ್ನ ಮಕ್ಕಳಿಗೇ ಮೊದಲ ಮನ್ನಣೆ ಎಂದು ನಿರ್ಧರಿಸಿತು. ಪಕ್ಕದ ಲೂಯಿಷಮ್ ಬರೋದ ಗಡಿಯಲ್ಲಿದ್ದ ಜಾನ್ ಬಾಲ್ ಪ್ರಾಥಮಿಕ ಶಾಲೆಯ ಮಕ್ಕಳು ಗ್ರೀನಿಚ್‌ನ ಪ್ರೌಢಶಾಲೆಗಳನ್ನೂ ನಂಬಿಕೊಂಡಿದ್ದವರು. ಅವರ ಪರವಾಗಿ ಹೂಡಿದ ದಾವೆಯಲ್ಲಿ, ಬರೋದ ಗಡಿಯಾಚೆಯವರು ಎಂಬ ಒಂದೇ ಕಾರಣಕ್ಕೆ ಮಗುವನ್ನು ಹಿಂದೆ ಸರಿಸುವಂತಿಲ್ಲ ಎಂದು 1989ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಎರಡನೆಯದು 1997ರ ರಾದರಮ್ ತೀರ್ಪು. ಅಲ್ಲಿನ ಕೌನ್ಸಿಲ್, ಪಾಲಕರು ಕೇಳದಿದ್ದರೂ, ವಲಯದ ಮಕ್ಕಳಿಗೆ ವಲಯದ ಶಾಲೆಯಲ್ಲಿ ಸೀಟು ಕಾದಿರಿಸಿ, ಉಳಿದದ್ದನ್ನು ಹೊರಗಿನವರಿಗೆ ಕೊಡುತ್ತಿತ್ತು. ಅರ್ಜಿಯಲ್ಲಿ ಶಾಲೆಯನ್ನು ಹೆಸರಿಸಿದವರಿಗೆ ಮೊದಲ ಗಮನ ಸಲ್ಲಬೇಕು, ಹೆಸರಿಸದವರು ಅವರ ನಂತರ ಎಂದಿತು ನ್ಯಾಯಾಲಯ. ಅಲ್ಲಿಂದ ಮುಂದೆ ಶಾಲೆಯ ಪಕ್ಕದಲ್ಲೇ ಮನೆಯಿದ್ದವರೂ ಫಾರಂ ತುಂಬಲೇಬೇಕಾಯಿತು.

ಆಗಿನ ಲಂಡನ್ನಿನಲ್ಲಿ ಒಂದು ಮಗುವಿಗಾಗಿ ಹಲವು ಬರೋಗಳಿಗೆ, ಚರ್ಚ್ ಶಾಲೆಗಳಿಗೆ, ತಮ್ಮ ದಾಖಲಾತಿಯನ್ನು ತಾವೇ ನೋಡಿಕೊಳ್ಳುವ ಇತರ ಶಾಲೆಗಳಿಗೆ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. ಒಂದು ಮನೆಗೆ ಮೂರು ನಾಲ್ಕು ಶಾಲೆಗಳಿಂದ ಪತ್ರ ಬಂದರೆ ಪಕ್ಕದ ಮನೆಗೆ ಒಂದೂ ಬರುತ್ತಿರಲಿಲ್ಲ. ಹಲವು ಸೀಟು ಸಿಕ್ಕವರು ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟುಕೊಡುವವರೆಗೆ ಉಳಿದವರು ಬೇಸಿಗೆಯವರೆಗೂ ಕಾಯಬೇಕಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಪಟ್ಟಿಯ ಕ್ರಮದಲ್ಲೇ ಅಡಗಿತ್ತು. ಅನೇಕ ಕೌನ್ಸಿಲ್‌ಗಳು, ಶಾಲೆಗಳು ‘ಮೊದಲ ಆಯ್ಕೆಯವರಿಗೆ ಮೊದಲು’ ಎಂಬ ನಿಯಮ ಇಟ್ಟುಕೊಂಡಿದ್ದವು. ತನ್ನನ್ನು ಮೊದಲ ಸಾಲಿನಲ್ಲಿ ಬರೆದವರ ಅರ್ಜಿಗಳನ್ನು ಮುಗಿಸಿ, ಸೀಟು ಮಿಕ್ಕರೆ ಮಾತ್ರ ಎರಡನೆಯ ಸಾಲಿನಲ್ಲಿ ಬರೆದವರನ್ನು ಶಾಲೆ ನೋಡುತ್ತಿತ್ತು. ಅದರ ಪರಿಣಾಮ ಹೀಗೆ: ಒಬ್ಬ ಹುಡುಗಿಯ ಮನೆಯಿಂದ ನಾನೂರು ಮೀಟರ್ ದೂರದಲ್ಲಿ ಒಳ್ಳೆಯ ಶಾಲೆಯೊಂದಿದೆ. ಎರಡು ಕಿಲೋಮೀಟರ್ ಆಚೆ ಇನ್ನೂ ಹೆಸರುವಾಸಿಯಾದ ಶಾಲೆಯಿದೆ. ಆಸೆಯಂತೆ ದೂರದ್ದನ್ನು ಮೊದಲು, ಹತ್ತಿರದ್ದನ್ನು ಎರಡನೆಯದಾಗಿ ಬರೆದರೆ ದೂರದ ಶಾಲೆ ಅಂತರದ ಕಾರಣಕ್ಕೆ ಬೇಡ ಎನ್ನುತ್ತದೆ. ಅಷ್ಟು ಹೊತ್ತಿಗೆ ಹತ್ತಿರದ ಶಾಲೆಯ ಸೀಟುಗಳು ಅದನ್ನು ಮೊದಲ ಸಾಲಿನಲ್ಲಿ ಬರೆದವರ ಪಾಲಾಗಿರುತ್ತವೆ, ಅವರ ಮನೆ ಆಕೆಯ ಮನೆಗಿಂತ ಎಷ್ಟೋ ದೂರದಲ್ಲಿದ್ದರೂ ಸರಿ. ಕೊನೆಗೆ ಆಕೆಗೆ ಸಿಗುವುದು ಯಾರೂ ಕೇಳದ ಮೂರನೆಯ ಶಾಲೆ. ಹತ್ತಿರದ್ದನ್ನೇ ಮೊದಲು ಬರೆದಿದ್ದರೆ ಸೀಟು ಖಂಡಿತವಾಗಿತ್ತು. ಆದ್ದರಿಂದ ಒಳಗಿನ ಲೆಕ್ಕ ಬಲ್ಲವರು ಬೇಕಾದ ಶಾಲೆಯನ್ನು ಬಿಟ್ಟು ಸಿಗುವ ಶಾಲೆಯನ್ನು ಮೊದಲ ಸಾಲಿಗೆ ಹಾಕುತ್ತಿದ್ದರು. ಹೊಸದಾಗಿ ಊರಿಗೆ ಬಂದವರು, ಇಂಗ್ಲಿಷ್ ಅಷ್ಟಾಗಿ ಬಾರದವರು, ಕೇಳಿದ್ದಕ್ಕೆ ಉತ್ತರ ಬರೆದರೆ ಸಾಕೆಂದು ನಂಬಿದವರು ಸೋಲುತ್ತಿದ್ದರು. ಸರ್ಕಾರಿ ಫಾರಂ ಒಂದು ಪಾಲಕರ ಮನಸ್ಸನ್ನು ಕೇಳಿ, ಹೇಳಿದ್ದಕ್ಕೇ ಅವರ ಮಗುವಿಗೆ ದಂಡ ಹಾಕುವುದು ಸಣ್ಣ ತಪ್ಪೇನಲ್ಲ.

ಇದೇ ತಪ್ಪನ್ನು ಅಮೆರಿಕದ ಬಾಸ್ಟನ್ ನಗರವೂ ಮಾಡಿತ್ತು. ಯಾವ ಶಾಲೆಯನ್ನು ಮೊದಲು ಬರೆದರೆ ಕ್ಷೇಮ ಎಂದು ಅಲ್ಲಿನ ಪಾಲಕರ ಗುಂಪೊಂದು ಸಭೆ ಸೇರಿ ಚರ್ಚಿಸುತ್ತಿತ್ತು. ಅರ್ಥಶಾಸ್ತ್ರಜ್ಞರಾದ ಅತೀಲಾ ಅಬ್ದುಲ್ಕಾದಿರೋಗ್ಲು ಮತ್ತು ತೈಫುನ್ ಸೊನ್ಮೆಜ್ 2003ರಲ್ಲಿ ಈ ದೋಷವನ್ನು ಬಿಡಿಸಿ ತೋರಿಸಿದರು. ಪರಿಹಾರ 1962ರಲ್ಲೇ ಸಿದ್ಧವಿತ್ತು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶವನ್ನೂ ಮದುವೆಯ ಜೋಡಿಗಳನ್ನೂ ಉದಾಹರಣೆಯಾಗಿಟ್ಟುಕೊಂಡು ಬರೆದ ಪುಟ್ಟ ಲೇಖನದಲ್ಲಿ, ಅರ್ಜಿದಾರರು ನಿಜ ಹೇಳಿದರೆ ಎಂದೂ ನಷ್ಟವಾಗದ ಹಂಚಿಕೆಯ ವಿಧಾನ ಇತ್ತು. ಬಾಸ್ಟನ್ 2005ರಲ್ಲಿ ಆ ದಾರಿ ಹಿಡಿಯಿತು. ಈ ವಿಚಾರದ ಕೆಲಸಕ್ಕೆ ಶಾಪ್ಲಿ ಮತ್ತು ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಕರ್ನಾಟಕದ ಓದುಗರಿಗೆ ಹತ್ತಿರದ ಹೋಲಿಕೆ ಸಿಇಟಿಯ ಆಪ್ಷನ್ ಎಂಟ್ರಿ. ಅಲ್ಲಿ ಸೀಟು ನಿರ್ಧಾರವಾಗುವುದು ರ‍್ಯಾಂಕಿನಿಂದ, ಕಾಲೇಜನ್ನು ಎಷ್ಟನೆಯ ಸಾಲಿನಲ್ಲಿ ಬರೆದರು ಎಂಬುದರಿಂದಲ್ಲ. ಹಾಗಾಗಿ ದೊಡ್ಡ ಕಾಲೇಜನ್ನು ಮೇಲೆ ಬರೆದವರಿಗೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ.

ಇಂಗ್ಲೆಂಡಿನಲ್ಲಿ ಬದಲಾವಣೆ ಬಂದದ್ದು ಗಣಿತದ ಪ್ರಬಂಧಗಳ ಮೂಲಕವಲ್ಲ, ಕಚೇರಿಗಳ ಅನುಭವದ ಮೂಲಕ. ಕೆಲವು ಕೌನ್ಸಿಲ್‌ಗಳು ತಾವಾಗಿಯೇ ಎಲ್ಲ ಸಾಲುಗಳಿಗೂ ಸಮಾನ ಬೆಲೆ ಕೊಡುವ ಪದ್ಧತಿಗೆ ಬಂದಿದ್ದವು. 1998ರ ಶಾಲಾ ಕಾಯ್ದೆ ದಾಖಲಾತಿ ಸಂಹಿತೆಗೂ, ತಕರಾರು ತೀರ್ಮಾನಿಸುವ ಅಧಿಕಾರಿಗೂ ದಾರಿ ಮಾಡಿತು. 2002ರ ಕಾಯ್ದೆ ಎಲ್ಲ ಅರ್ಜಿಗಳನ್ನೂ ಕೌನ್ಸಿಲ್ ಒಂದೇ ಕಡೆ ಜೋಡಿಸಬೇಕೆಂದಿತು. 2005ರ ಸೆಪ್ಟೆಂಬರ್ ದಾಖಲಾತಿಗೆ ಲಂಡನ್ನಿನ 33 ಪ್ರಾಧಿಕಾರಗಳು ಒಟ್ಟಾಗಿ ಒಂದೇ ಅರ್ಜಿ, ಆರು ಆಯ್ಕೆ, ಒಂದೇ ಫಲಿತಾಂಶದ ದಿನ ಎಂಬ ವ್ಯವಸ್ಥೆ ತಂದವು. ಕಡೆಗೆ 2007ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಂಹಿತೆ ‘ಮೊದಲ ಆಯ್ಕೆಯವರಿಗೆ ಮೊದಲು’ ನಿಯಮವನ್ನು ದೇಶದಾದ್ಯಂತ ನಿಷೇಧಿಸಿತು. ಹಿಂದಿನ ಸಂಹಿತೆಗಳನ್ನು ಗಮನಿಸಿದರೆ ಸಾಕಿತ್ತು, ಇದನ್ನು ಪಾಲಿಸಲೇಬೇಕಿತ್ತು.

ಈಗಿನ ಕೆಲಸ ನಡೆಯುವ ರೀತಿ ಹೀಗಿದೆ. ಪ್ರತಿ ಶಾಲೆಗೂ ಅದನ್ನು ಹೆಸರಿಸಿದ ಎಲ್ಲ ಮಕ್ಕಳ ಅರ್ಜಿ ಹೋಗುತ್ತದೆ. ಯಾರು ಎಷ್ಟನೆಯ ಸಾಲಿನಲ್ಲಿ ಬರೆದಿದ್ದಾರೆ ಎಂಬುದನ್ನು ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಕೌನ್ಸಿಲ್‌ನ ಪಾಲನೆಯಲ್ಲಿರುವ ಮಕ್ಕಳಿಗೆ ಮೊದಲ ಸ್ಥಾನ. ಆಮೇಲೆ ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿರುವುದು, ಚರ್ಚ್ ಶಾಲೆಯಾದರೆ ಧರ್ಮಾಚರಣೆ, ಮನೆಯ ದೂರ ಮುಂತಾದ ಮೊದಲೇ ಪ್ರಕಟಿಸಿದ ನಿಯಮಗಳಂತೆ ಶಾಲೆ ತನ್ನ ಸಾಲು ಮಾಡುತ್ತದೆ. ಒಂದೇ ಮಗುವಿಗೆ ಎರಡು ಮೂರು ಶಾಲೆಗಳಲ್ಲಿ ಸೀಟು ಬೀಳುವಂತಿದ್ದರೆ ಆಗ ಮಾತ್ರ ಕೌನ್ಸಿಲ್ ಪಾಲಕರ ಕ್ರಮವನ್ನು ನೋಡಿ ಅತಿ ಮೇಲಿನದನ್ನು ಉಳಿಸುತ್ತದೆ. ಬಿಡುಗಡೆಯಾದ ಸೀಟು ಆ ಶಾಲೆಯ ಸಾಲಿನಲ್ಲಿ ಮುಂದಿರುವ ಮಗುವಿಗೆ ಹೋಗುತ್ತದೆ. ಆ ಮಗು ಇನ್ನೊಂದು ಶಾಲೆಯ ಸೀಟನ್ನು ಬಿಡಬಹುದು. ಬದಲಾವಣೆ ನಿಲ್ಲುವವರೆಗೆ ಕಂಪ್ಯೂಟರು ಇದನ್ನು ಸುತ್ತು ಸುತ್ತಾಗಿ ಮಾಡುತ್ತದೆ. ಮೇಲಿನ ಉದಾಹರಣೆಯ ಹುಡುಗಿ ಇಂದು ದೂರದ ಶಾಲೆಯನ್ನು ಮೊದಲು ಬರೆದು ಅದು ಸಿಗದಿದ್ದರೂ ಮನೆ ಹತ್ತಿರದ ಶಾಲೆಯಲ್ಲಿ ಆಕೆಯ ಹಕ್ಕು ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಕ್ರಮದ ಲೆಕ್ಕಾಚಾರ ಹೋಯಿತು, ದೂರದ ಲೆಕ್ಕಾಚಾರ ಉಳಿಯಿತು. ಒಳ್ಳೆಯ ಶಾಲೆಯ ಸುತ್ತಲಿನ ಮನೆಗಳ ಬೆಲೆ, ಬಾಡಿಗೆ ಏರಿದವು. ಸುಳ್ಳು ವಿಳಾಸಗಳೂ ಬಂದವು. ಇದನ್ನು ಹಿಡಿಯುವ ಹಟದಲ್ಲಿ ಪೂಲ್ ಪಟ್ಟಣದ ಕೌನ್ಸಿಲ್ 2008ರಲ್ಲಿ ಒಂದು ಕುಟುಂಬ ನಿಜವಾಗಿ ಎಲ್ಲಿ ಮಲಗುತ್ತದೆಂದು ತಿಳಿಯಲು ಸುಮಾರು ಮೂರು ವಾರ ಗುಟ್ಟಾಗಿ ಬೆನ್ನುಹತ್ತಿತು. ಅವರ ವಿಳಾಸ ಸರಿಯಾಗಿಯೇ ಇತ್ತು. ಕೌನ್ಸಿಲ್ ಮಾಡಿದ್ದು ಕಾನೂನುಬಾಹಿರ ಎಂದು 2010ರಲ್ಲಿ ನ್ಯಾಯಮಂಡಳಿ ತೀರ್ಪಿತ್ತಿತು. ಬ್ರೈಟನ್ ಮತ್ತು ಹೋವ್ ನಗರ 2008ರ ದಾಖಲಾತಿಯಿಂದ ಬೇರೆ ದಾರಿ ಹಿಡಿದು, ವಲಯದೊಳಗೆ ಅರ್ಜಿ ಹೆಚ್ಚಾದರೆ ದೂರ ಅಳೆಯದೆ ಲಾಟರಿ ಎತ್ತುವ ನಿಯಮ ತಂದಿತು.

ಪಟ್ಟಿಯ ಉದ್ದವೂ ಒಂದು ತೊಡಕೇ. ಆರು ಸಾಲಿರುವ ಲಂಡನ್ನಿನಲ್ಲಿ ಎರಡು ಮೂರು ದೊಡ್ಡ ಆಸೆಗಳನ್ನು ಬರೆದು, ಕೆಳಗೆ ಖಚಿತವಾಗಿ ಸಿಗುವ ಶಾಲೆಯನ್ನು ಇಡಬಹುದು. ಮೂರೇ ಸಾಲಿರುವ ಕೌಂಟಿಯಲ್ಲಿ ಒಂದನ್ನು ಕ್ಷೇಮದ ಶಾಲೆಗೆ ಮೀಸಲಿಟ್ಟರೆ ಉಳಿಯುವುದು ಎರಡು. ಪಟ್ಟಿಯ ಯಾವ ಶಾಲೆಯೂ ಸಿಗದ ಮಗುವಿಗೆ ಕೌನ್ಸಿಲ್ ಸೀಟು ಮಿಕ್ಕಿರುವ ಬೇರೆ ಶಾಲೆಯನ್ನು ತೋರಿಸುತ್ತದೆ, ಅದು ಮನೆಯಿಂದ ದೂರವಿರುವುದೂ ಉಂಟು.

ಫಲಿತಾಂಶ ಒಪ್ಪಿಗೆಯಾಗದವರು ಸ್ವತಂತ್ರ ಸಮಿತಿಗೆ ಮೇಲ್ಮನವಿ ಹಾಕಬಹುದು. ಎಳೆಯ ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದೆಂಬ ಕಾನೂನು ಇರುವುದರಿಂದ ಅಲ್ಲಿ ಗೆಲ್ಲುವುದು ಕಷ್ಟ. ಬಹಳ ಮಂದಿ ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿಸುತ್ತಾರೆ. ದಾಖಲಾತಿಯ ವರ್ಷದ ಡಿಸೆಂಬರ್ 31ರವರೆಗಾದರೂ ಶಾಲೆ ಅದನ್ನು ಇಟ್ಟುಕೊಂಡಿರಬೇಕು. ಹೆಸರು ಸೇರಿಸಿದ ದಿನಾಂಕಕ್ಕೆ ಅಲ್ಲಿ ಬೆಲೆಯಿಲ್ಲ. ಹೊಸ ಹೆಸರು ಬಂದಾಗಲೆಲ್ಲ ಇಡೀ ಪಟ್ಟಿಯನ್ನು ಪ್ರಕಟಿತ ನಿಯಮಗಳಂತೆ ಮತ್ತೆ ಜೋಡಿಸಬೇಕು. ಆದ್ದರಿಂದ ಮಾರ್ಚ್‌ನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಮಗು, ಶಾಲೆಗೆ ಇನ್ನೂ ಹತ್ತಿರದ ಮನೆಗೆ ಹೊಸ ಕುಟುಂಬ ಬಂದರೆ, ಜೂನ್‌ನಲ್ಲಿ ಮೂರನೆಯದಕ್ಕೆ ಇಳಿಯಬಹುದು.