ಸ್ವೆಟರಿನ ಚೀಟಿ ಹೇಳಿದ ಕಥೆ

ಆಫೀಸಿನ ಏಸಿ ಕಾಟ ತಡೆಯಲಾರದೆ ಹೋದ ತಿಂಗಳು ಒಂದು 'ಅರಾನ್' ಸ್ವೆಟರ್ ತಗೊಂಡೆ. ಕೆನೆಬಣ್ಣದ ದಪ್ಪ ಉಣ್ಣೆ, ಎದೆ ತುಂಬ ಜಡೆ ಹೆಣೆದಂಥ ವಿನ್ಯಾಸ. ಜೊತೆಗಿದ್ದ ಚೀಟಿಯಲ್ಲೊಂದು ಕಥೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ವಿನ್ಯಾಸವಂತೆ. ಮುಳುಗಿ ಸತ್ತ ಮೀನುಗಾರನ ಹೆಣ ದಡ ಸೇರಿದರೆ ಸ್ವೆಟರ್ ನೋಡಿ ಗುರುತು ಹಿಡಿಯುತ್ತಿದ್ದರಂತೆ. ಮೈ ಜುಮ್ಮೆಂದಿತು. ಊಟದ ಹೊತ್ತಿಗೆ ನಾಲ್ಕು ಜನಕ್ಕೆ ಹೇಳಿಯೂ ಆಯ್ತು!

ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ ನೋಡಿ... ಕಥೆ ಉಣ್ಣೆ ದಾರದ ಹಾಗೆ ಬಿಚ್ಚಿಕೊಂಡಿತು.

ಇದರ ಬೇರು ಬಹುಶಃ ಒಂದು ನಾಟಕದಲ್ಲಿದೆ. ಜೆ. ಎಂ. ಸಿಂಜ್ 1898ರಿಂದ ಹಲವು ಸಲ ಈ ದ್ವೀಪಗಳಲ್ಲಿ ಇದ್ದು ಬಂದವನು. 1904ರಲ್ಲಿ ಡಬ್ಲಿನ್‌ನಲ್ಲಿ ರಂಗಕ್ಕೆ ಬಂದ ಅವನ 'ರೈಡರ್ಸ್ ಟು ದ ಸೀ'ಯಲ್ಲಿ ತಂಗಿಯೊಬ್ಬಳು ಮುಳುಗಿಹೋದ ಅಣ್ಣನ ಗುರುತು ಹಿಡಿಯುತ್ತಾಳೆ. ಆದರೆ ಅದು ಸ್ವೆಟರಲ್ಲ, ಕಾಲುಚೀಲ! ಮನೆತನದ ವಿನ್ಯಾಸದ ಮಾತೂ ಅಲ್ಲಿಲ್ಲ. ತಾನೇ ಹೆಣೆದಿದ್ದು, ನಾಲ್ಕು ಕುಣಿಕೆ ಕೈತಪ್ಪಿತ್ತು ಅಂತ ಅವಳಿಗೆ ನೆನಪು, ಅಷ್ಟೇ.

ಹಾಗಾದರೆ ನಿಜ ಏನು? ಬ್ರಿಟನ್ನಿನ ಕರಾವಳಿಯ ಮೀನುಗಾರರು ತೊಡುತ್ತಿದ್ದದ್ದು 'ಗ್ಯಾನ್ಸಿ'. ಗಟ್ಟಿಯಾಗಿ ಹೊಸೆದ ನೂಲಿನಿಂದ, ಹೊಲಿಗೆಯಿಲ್ಲದೆ ಸುತ್ತಲೂ ಬಿಗಿಯಾಗಿ ಹೆಣೆದ ಅಂಗಿ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುತ್ತಿದ್ದರು. ಹಗ್ಗ ಉಜ್ಜಿ ಕೈತುದಿ ಸವೆದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು, ಇಡೀ ಅಂಗಿ ಎಸೆಯಬೇಕಿಲ್ಲ. ಎಂಥಾ ಡಿಸೈನ್ ಅಲ್ವಾ?

ಬಡ ಪಶ್ಚಿಮ ಐರ್ಲೆಂಡಿನ ಉದ್ಧಾರಕ್ಕೆ 1891ರಲ್ಲಿ ಸರ್ಕಾರ 'ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್' ಮಾಡಿ ಮೀನುಗಾರಿಕೆಗೆ ಒತ್ತು ಕೊಟ್ಟಿತು. ಆಗ ಹೊರಗಿನಿಂದ ಬಂದವರ ಗ್ಯಾನ್ಸಿ ನೋಡಿ ದ್ವೀಪದ ಹೆಂಗಸರು ತಮ್ಮದೇ ಹೊಸ ವಿನ್ಯಾಸ ಕಟ್ಟಿದರು ಅನ್ನುವುದು ಸಂಶೋಧಕರ ಅಭಿಪ್ರಾಯ. ಡಬ್ಲಿನ್‌ನಲ್ಲಿ 1930ರಲ್ಲಿ ಮ್ಯೂರಿಯಲ್ ಗಹಾನ್ ತೆರೆದ 'ಕಂಟ್ರಿ ಶಾಪ್' ಅವರ ಹೆಣಿಗೆಗೆ ಮಾರುಕಟ್ಟೆ ಕೊಟ್ಟಿತು. ಅಂದರೆ ಈ 'ಸಾವಿರಾರು ವರ್ಷದ ಪರಂಪರೆ'ಗೆ ನೂರು ಚಿಲ್ಲರೆ ವರ್ಷ! ಅದಕ್ಕೆ ಪ್ರಾಚೀನತೆಯ ಪ್ರಭಾವಳಿ ಕಟ್ಟಿದವರಲ್ಲಿ ಮುಖ್ಯನಾದವನು ಆಕ್ಸ್‌ಫರ್ಡಿನ ಉಣ್ಣೆ ವ್ಯಾಪಾರಿ ಹೈನ್ಸ್ ಕೀವೆ. 1961ರಲ್ಲಿ ಕ್ಲಾನ್ಸಿ ಬ್ರದರ್ಸ್ ಗಾಯಕರು ಇದನ್ನೇ ತೊಟ್ಟು ಅಮೆರಿಕದ ಟೀವಿಯಲ್ಲಿ ಹಾಡಿದ ಮೇಲೆ ಬೇಡಿಕೆಯೋ ಬೇಡಿಕೆ.

ನನಗೆ ಚುಚ್ಚಿದ್ದು ಇಷ್ಟು. ಮನೆಗೆಲಸದ ನಡುವೆ ಕೂತು, ಹೊಸದೊಂದನ್ನು ಕಂಡುಹಿಡಿದು, ನಾಲ್ಕು ಕಾಸು ದುಡಿದ ಹೆಂಗಸರಿಗೆ ಆ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಹೆಣಕ್ಕೆ ಮಾತ್ರ ಜಾಗ ಇದೆ.

ಮರುದಿನ ಆ ನಾಲ್ಕೂ ಜನಕ್ಕೆ ತಿದ್ದಿ ಹೇಳಿದೆ. ಒಬ್ಬ ಅಂದ, "ಹಳೇ ಕಥೆನೇ ಚೆನ್ನಾಗಿತ್ತು ಮಾರಾಯ" :-)