ಟೈರಿನೊಳಗಿನ ಬೇಳೆ ಕಾಳು: ಹೊಲದ ಜೀಪು ನಗರಕ್ಕೆ ಬಂದ ಕಥೆ

 

ಇವತ್ತಿನ ಕಥೆಯನ್ನು ಒಂದು ಬೇಳೆ ಕಾಳಿನಿಂದ ಶುರು ಮಾಡ್ತೀನಿ. 2022ರ ಮಾರ್ಚ್ ತಿಂಗಳು. ಬ್ರಿಟನ್ನಿನ ಕೆಲವು ನಗರಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮನೆಯೆದುರು ನಿಲ್ಲಿಸಿದ್ದ ಕಾರಿನ ಹತ್ತಿರ ಬಂದು ನೋಡಿದರೆ ಟೈರಿನ ಗಾಳಿ ಇಳಿದುಹೋಗಿದೆ. ಗಾಜಿನ ಮೇಲೆ ಒಂದು ಕರಪತ್ರ. ರಾತ್ರಿ ಯಾರೋ ಬಂದು ವಾಲ್ವಿನ ಮುಚ್ಚಳದೊಳಗೆ ಬೇಳೆ ಕಾಳು ಸಿಕ್ಕಿಸಿ ಹೋಗಿದ್ದಾರೆ. ತಮ್ಮನ್ನು ‘ಟೈರ್ ಎಕ್ಸ್‌ಟಿಂಗ್ವಿಷರ್ಸ್’ ಎಂದು ಕರೆದುಕೊಂಡ ಗುಂಪು ಅದು. ಗುರಿ ಎಸ್‌ಯುವಿಗಳು ಮಾತ್ರ. ಕರಪತ್ರದ ಒಟ್ಟು ಮಾತು ಇಷ್ಟು: ನಮಗೆ ನಿಮ್ಮ ಮೇಲೆ ಕೋಪ ಇಲ್ಲ, ನಿಮ್ಮ ಗಾಡಿ ಮೇಲೆ ಇದೆ, ಅದು ಹವಾಮಾನ ಹಾಳು ಮಾಡ್ತಿದೆ.

ಈ ಸುದ್ದಿ ಓದಿದಾಗ ನನಗೆ ಎರಡು ಗಾಡಿ ನೆನಪಾದವು. ಒಂದು, ಸಕಲೇಶಪುರದ ಕಡೆ ತೋಟದಲ್ಲಿರೋ ನಮ್ಮ ದೊಡ್ಡಪ್ಪನ ಹಳೇ ಜೀಪು. ಗೊಬ್ಬರದ ಮೂಟೆ, ಕಾಫಿ ಚೀಲ, ಹುಷಾರಿಲ್ಲದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಎಲ್ಲಾ ಅದರಲ್ಲೇ. ಇನ್ನೊಂದು, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿರೋ ನನ್ನ ಕಾರು. ನೋಡೋಕೆ ಎತ್ತರ, ಗಟ್ಟಿಮುಟ್ಟು. ಆದರೆ ಫೋರ್ ವ್ಹೀಲ್ ಡ್ರೈವ್ ಇಲ್ಲ. ನಾಲ್ಕು ವರ್ಷದಲ್ಲಿ ಅದು ಕಂಡಿರೋ ಕಷ್ಟದ ದಾರಿ ಅಂದ್ರೆ ನಮ್ಮ ಬಡಾವಣೆಯ ಗುಂಡಿಗಳು.

ಈ ಎರಡೂ ಗಾಡಿಗಳು ಒಂದೇ ಜಾತಿ ಅಂತ ಹೇಗಾಯ್ತು? ಇದಕ್ಕಾಗಿ ಇಪ್ಪತ್ತು ವರ್ಷಗಳಿಂದ ಜನ ಯಾಕೆ ಬೀದಿಯಲ್ಲಿ ಕಿತ್ತಾಡ್ತಿದ್ದಾರೆ? ಇವತ್ತು ಅದನ್ನೇ ನೋಡೋಣ.

ಮೂಲಕ್ಕೆ ಹೋದರೆ ಸಿಗೋದು ಒಂದು ಜಮೀನು. ಎರಡನೇ ಮಹಾಯುದ್ಧ ಮುಗಿದ ಹೊತ್ತು. ಬ್ರಿಟನ್ನಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್, ವೇಲ್ಸ್‌ನ ಆಂಗಲ್ಸೀ ದ್ವೀಪದ ತಮ್ಮ ಜಮೀನಿನಲ್ಲಿ ಯುದ್ಧದಲ್ಲಿ ಉಳಿದಿದ್ದ ಒಂದು ವಿಲ್ಲಿಸ್ ಜೀಪು ಓಡಿಸ್ತಿದ್ರು. ಅದು ಕೆಟ್ಟರೆ ಬದಲಿಗೆ ಬೇರೆ ಗಾಡಿ ಇಲ್ಲ. ಹಾಗಾದ್ರೆ ನಾವೇ ಯಾಕೆ ಮಾಡಬಾರದು ಅಂತ ಹೊರಟಿದ್ದೇ ಲ್ಯಾಂಡ್ ರೋವರ್. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದು ಹೊರಬಂತು. ಉಕ್ಕು ಸಿಗೋದು ಕಷ್ಟ ಇದ್ದ ಕಾಲ, ಅದಕ್ಕೇ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ. ಅದರ ಎಂಜಿನ್ನಿನಿಂದ ಹೊಲದ ಯಂತ್ರಗಳನ್ನೂ ಓಡಿಸಬಹುದಿತ್ತು. ಒಟ್ಟಿನಲ್ಲಿ ಅದು ರೈತನ ಉಪಕರಣ. ಸರಿಸುಮಾರು ಅದೇ ವರ್ಷಗಳಲ್ಲಿ ನಮ್ಮ ಬಾಂಬೆಯಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನ ಜೋಡಿಸೋಕೆ ಶುರು ಮಾಡಿದ್ರು. ದೊಡ್ಡಪ್ಪನ ಜೀಪು ಆ ವಂಶದ್ದೇ.

1970ರಲ್ಲಿ ರೇಂಜ್ ರೋವರ್ ಬಂತು. ಮೊದಲ ರೇಂಜ್ ರೋವರ್ ಕೂಡ ಒಳಗೆ ಪೈಪು ಬಿಟ್ಟು ಕೆಸರು ತೊಳೆಯಬಹುದಾದಷ್ಟು ಸರಳ ಗಾಡಿ. ಹಾಗಾದ್ರೆ ಈ ಗಾಡಿ ಕೋಟ್ಯಂತರ ಜನರ ಮನೆ ಮುಂದೆ ಬಂದದ್ದು ಹೇಗೆ? ಉತ್ತರ ಇರೋದು ಅಮೆರಿಕದ ಒಂದು ಕಾಯ್ದೆಯಲ್ಲಿ.

1973ರಲ್ಲಿ ತೈಲ ಬಿಕ್ಕಟ್ಟು. ಪೆಟ್ರೋಲ್ ಬಂಕಿನ ಮುಂದೆ ಉದ್ದುದ್ದ ಸಾಲು. 1975ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಇಂಧನ ಕಾಯ್ದೆಗೆ ಸಹಿ ಹಾಕಿದರು. ಕಂಪನಿಗಳು ಮಾರುವ ಕಾರುಗಳು ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕು ಅನ್ನೋ ನಿಯಮ ಅದರಿಂದ ಬಂತು. ಒಳ್ಳೆಯ ನಿಯಮ. ಆದರೆ ರೈತರು, ಮೇಸ್ತ್ರಿಗಳು ಬಳಸೋ ಪಿಕಪ್‌ಗಳಿಗೆ ಕಾರಿನಷ್ಟೇ ಬಿಗಿ ಮಾಡೋದು ಸರಿಯಲ್ಲ ಅಂತ ‘ಲೈಟ್ ಟ್ರಕ್’ ಎಂಬ ಬೇರೆ ವರ್ಗ, ಅದಕ್ಕೆ ಸಡಿಲ ಮಿತಿ. ರಸ್ತೆ ಬಿಟ್ಟು ಓಡಬಲ್ಲ ಗಾಡಿಗಳಿಗೂ ಅದೇ ವರ್ಗದಲ್ಲಿ ಜಾಗ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಗಾಡಿ ರಸ್ತೆ ಬಿಟ್ಟು ಓಡಬಲ್ಲದಾ ಅಂತ ಕಾನೂನು ಕೇಳಿತು. ಓಡುತ್ತಾ ಅಂತ ಕೇಳಲಿಲ್ಲ. ಮುಂದಿನದ್ದೆಲ್ಲ ನಡೆದದ್ದು ಈ ಸಂದಿಯಲ್ಲಿ.

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಕಾರಿನ ಮಿತಿ ಗ್ಯಾಲನ್‌ಗೆ 27.5 ಮೈಲಿ, ಲೈಟ್ ಟ್ರಕ್ಕಿಗೆ 20.7. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 11.7 ಮತ್ತು 8.8 ಕಿಲೋಮೀಟರ್. ಮಿತಿ ಸಡಿಲ ಇದ್ದ ಕಡೆ ಕಂಪನಿಗಳು ನುಗ್ಗಿದವು. 1984ಕ್ಕೆ ಹೊಸ ಜೀಪ್ ಚೆರೋಕಿ, 1990ರಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್. ಎಕ್ಸ್‌ಪ್ಲೋರರ್ ಅಂದ್ರೆ ಪಿಕಪ್ಪಿನ ಅಡಿಪಾಯದ ಮೇಲೆ ಕೂರಿಸಿದ ಸಂಸಾರದ ಗಾಡಿ. ತೂಕ ಜಾಸ್ತಿ, ಗಾಳಿ ಸೀಳೋ ಮೂತಿ ಅಗಲ, ಹಾಗಾಗಿ ಎಣ್ಣೆ ಜಾಸ್ತಿ ಕುಡಿಯುತ್ತೆ, ಹೊಗೆ ಜಾಸ್ತಿ ಬಿಡುತ್ತೆ. 2002ರಲ್ಲಿ ಬಂದ ಹಮ್ಮರ್ ಎಚ್2 ಎಷ್ಟು ಭಾರ ಅಂದ್ರೆ ಮೈಲೇಜ್ ನಿಯಮದ ವ್ಯಾಪ್ತಿಯಿಂದಲೇ ಹೊರಗೆ. ಅದರ ಮೇಲೆ 2003ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂತ ಕೊಟ್ಟ ತೆರಿಗೆ ವಿನಾಯಿತಿ, 6,000 ಪೌಂಡಿಗಿಂತ ಭಾರದ ಎಸ್‌ಯುವಿ ಕೊಂಡ ಡಾಕ್ಟರು, ಲಾಯರುಗಳಿಗೂ ಸಿಕ್ಕಿತು.

ಆ ಹೊತ್ತಿಗೆ ಹವಾಮಾನ ಬದಲಾವಣೆ ಸಾಮಾನ್ಯ ಜನರ ಮಾತಿಗೂ ಬಂದಿತ್ತು. ಸಿಟ್ಟು ಕಾರಿನ ಮೇಲೆ ತಿರುಗಿತು. 2002ರಲ್ಲಿ ಅಮೆರಿಕದ ಕೆಲವು ಕ್ರೈಸ್ತ ಪರಿಸರವಾದಿಗಳು, ಏಸು ಇದ್ದಿದ್ದರೆ ಯಾವ ಕಾರು ಓಡಿಸ್ತಿದ್ದ ಅಂತ ಕೇಳೋ ಅಭಿಯಾನ ಮಾಡಿದರು. 2003ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ ಕೋವಿನಾದಲ್ಲಿ ಒಂದು ಹಮ್ಮರ್ ಶೋರೂಮಿಗೇ ಬೆಂಕಿ ಬಿತ್ತು. ಗೋಡೆ ಮೇಲೆ, ಕಾರುಗಳ ಮೇಲೆ ‘ಅರ್ಥ್ ಲಿಬರೇಷನ್ ಫ್ರಂಟ್’ ಹೆಸರಿನ ಅಕ್ಷರಗಳು. ಗಾಳಿ ಶುದ್ಧವಾಗಲಿ ಅನ್ನೋರು ಟೈರು, ಪ್ಲಾಸ್ಟಿಕ್ಕು ಸುಟ್ಟರು. ಒಬ್ಬ ಯುವಕ ಜೈಲಿಗೆ ಹೋದ. ಅಮೆರಿಕದಲ್ಲಿ ಎಸ್‌ಯುವಿ ಮಾರಾಟ ಮಾತ್ರ ಅದರಿಂದ ನಿಲ್ಲಲಿಲ್ಲ.

ಲಂಡನ್ನಿನಲ್ಲಿ ಜಗಳದ ಧಾಟಿ ಬೇರೆ, ಅದು ತಮಾಷೆಯದ್ದು. ಅಲ್ಲಿ ಇಂಥ ಗಾಡಿಗೆ ‘ಚೆಲ್ಸಿ ಟ್ರ್ಯಾಕ್ಟರ್’ ಅಂತ ಅಡ್ಡಹೆಸರು. ಚೆಲ್ಸಿ ಶ್ರೀಮಂತರ ಬಡಾವಣೆ, ಅಲ್ಲಿ ಟ್ರ್ಯಾಕ್ಟರ್ ಯಾಕೆ ಅನ್ನೋ ಕುಹಕ. 2003ರಲ್ಲಿ ‘ಅಲಯನ್ಸ್ ಎಗೇನ್‌ಸ್ಟ್ ಅರ್ಬನ್ 4x4ಸ್’ ಹುಟ್ಟಿತು. ಶಿಯಾನ್ ಬೆರ್ರಿ ಅದರ ಸ್ಥಾಪಕರಲ್ಲಿ ಒಬ್ಬರು, ಮುಂದೆ ಗ್ರೀನ್ ಪಕ್ಷದಿಂದ ಲಂಡನ್ ಮೇಯರ್ ಹುದ್ದೆಗೆ ನಿಂತವರು. ಇವರು ನಿಲ್ಲಿಸಿದ ಗಾಡಿಗಳ ಗಾಜಿಗೆ ನಕಲಿ ಪಾರ್ಕಿಂಗ್ ದಂಡದ ಚೀಟಿ ಅಂಟಿಸ್ತಿದ್ರು. ತಪ್ಪು ಏನು ಅಂತ ನೋಡಿದ್ರೆ, ಗಾಡಿಯ ಆಯ್ಕೆಯೇ ಸರಿಯಿಲ್ಲ ಅಂತ ಬರೆದಿರ್ತಿತ್ತು. ಸಂಘದ ಹೆಸರಲ್ಲಿರೋ ‘ಅರ್ಬನ್’ ಪದ ಗಮನಿಸಿ. ಹಳ್ಳಿಯ ರೈತನ ಮೇಲೆ ನಮ್ಮ ತಕರಾರಿಲ್ಲ, ನಗರದಲ್ಲಿ ಮಗುವನ್ನ ಶಾಲೆಗೆ ಬಿಡೋಕೆ ಇದು ಯಾಕೆ ಅಂತ ಅವರ ಪ್ರಶ್ನೆ. ಅಮೆರಿಕದ ಕಾನೂನು ಕೇಳದೆ ಬಿಟ್ಟ ಪ್ರಶ್ನೆಯನ್ನ ಇವರು ಕೇಳಿದರು. ಆದರೆ ಕೇಳಿದ್ದು ಕಾರಿನ ಮಾಲೀಕನನ್ನ.

ಮಾಲೀಕರೂ ಸುಮ್ಮನಿರಲಿಲ್ಲ. ನಮ್ಮ ದುಡ್ಡು, ನಮ್ಮ ಆಯ್ಕೆ ಅಂದ್ರು ಕೆಲವರು. ವಿಮಾನದಲ್ಲಿ ರಜಾ ಕಳೆಯೋಕೆ ಹೋಗೋರಿಗೆ ಯಾಕೆ ಚೀಟಿ ಅಂಟಿಸಲ್ಲ ಅಂದ್ರು ಇನ್ನು ಕೆಲವರು. ನಿಜವಾಗಿ ಕೆಸರಿನಲ್ಲಿ ಓಡಿಸೋರ ವಾದ ಬೇರೆ ಇತ್ತು: ನಮ್ಮ ಹಳೇ ಲ್ಯಾಂಡ್ ರೋವರ್ ಓಡೋದೇ ವಾರಕ್ಕೊಮ್ಮೆ, ರಿಪೇರಿ ಮಾಡ್ಕೊಂಡು ದಶಕಗಟ್ಟಲೆ ಇಟ್ಕೊಂಡಿದ್ದೀವಿ, ಹೊಸ ಕಾರು ತಯಾರಿಸೋಕೂ ಇಂಧನ ಬೇಕಲ್ವಾ? ತೆಗೆದುಹಾಕೋ ಮಾತಲ್ಲ ಇದು. ಮೇಲಾಗಿ ಅವರಿಗೆ ಬೇರೆ ಕಡೆಯಿಂದಲೂ ಏಟು ಬಿತ್ತು. 2006ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಳೇ ಮಣ್ಣಿನ ದಾರಿಗಳಲ್ಲಿ ದಾಖಲಾಗದೆ ಉಳಿದಿದ್ದ ಮೋಟಾರು ವಾಹನದ ಹಕ್ಕುಗಳನ್ನ ಹೊಸ ಕಾಯ್ದೆ ಬಹುಮಟ್ಟಿಗೆ ರದ್ದು ಮಾಡಿತು. ಕೆಸರಿನ ಗಾಡಿಗೆ ಕೆಸರಿನ ದಾರಿಯೇ ಕಮ್ಮಿ ಆಯ್ತು. ಡಾಂಬರಿನ ಮೇಲಿನ ಗಾಡಿಗೆ ಅದರಿಂದ ಏನೂ ಆಗಲಿಲ್ಲ.

ಈ ಜಗಳದಲ್ಲಿ ನನ್ನ ಮನಸ್ಸಿಗೆ ತಟ್ಟಿದ ದಿನ 2005ರ ಮೇ ತಿಂಗಳದ್ದು. ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ರೇಂಜ್ ರೋವರ್ ತಯಾರಾಗೋ ಕಾರ್ಖಾನೆ. ಗ್ರೀನ್‌ಪೀಸ್‌ನ ಹತ್ತಾರು ಕಾರ್ಯಕರ್ತರು ಒಳಗೆ ನುಗ್ಗಿ ಅರ್ಧ ಜೋಡಿಸಿದ ಗಾಡಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಕೆಲವು ಗಂಟೆ ಕೆಲಸ ನಿಂತಿತು. ಅವರ ದೃಷ್ಟಿಯಲ್ಲಿ ಅದು ಹವಾಮಾನಕ್ಕಾಗಿ ಮಾಡಿದ ಸತ್ಯಾಗ್ರಹ. ಆದರೆ ಆ ಕಾರ್ಖಾನೆಯ ಕಾರ್ಮಿಕನ ಜಾಗದಲ್ಲಿ ನಿಂತು ನೋಡಿ. ಬರೀ ಒಂದು ತಿಂಗಳ ಹಿಂದೆ, ಅದೇ ಬರ್ಮಿಂಗ್‌ಹ್ಯಾಮ್‌ನ ಇನ್ನೊಂದು ಕಡೆ, ಲಾಂಗ್‌ಬ್ರಿಜ್‌ನ ಎಂಜಿ ರೋವರ್ ಮುಳುಗಿ ಸುಮಾರು 6,000 ಜನ ಕೆಲಸ ಕಳೆದುಕೊಂಡಿದ್ದರು. ಯಾರದೋ ಭಾವ, ಯಾರದೋ ಪಕ್ಕದ ಮನೆಯವರು. ಸರಪಳಿ ಹಾಕಿಕೊಂಡವರಿಗೆ ಭೂಮಿಯ ಚಿಂತೆ, ಎದುರು ನಿಂತವರಿಗೆ ಮುಂದಿನ ತಿಂಗಳ ಸಂಬಳದ ಚಿಂತೆ. ಎರಡೂ ಸುಳ್ಳಲ್ಲ. ಲೈಟ್ ಟ್ರಕ್ಕಿನ ನಿಯಮ ಬರೆದವರು, ಅದರಿಂದ ಲಾಭ ಮಾಡಿದವರು ಮಾತ್ರ ಆ ಶೆಡ್ಡಿನಲ್ಲಿ ಇರಲಿಲ್ಲ.

ಆಮೇಲೆ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಬೇರೆ ದಾರಿ ಹಿಡಿದರು. ಹಿಂದೊಮ್ಮೆ ಅವರು ನಗರದಲ್ಲಿ 4x4 ಓಡಿಸೋರನ್ನ ಶುದ್ಧ ಮೂರ್ಖರು ಅಂತ ಬೈದಿದ್ದವರೇ. 2008ರ ಫೆಬ್ರವರಿಯಲ್ಲಿ ಬೈಗುಳ ಬಿಟ್ಟು ಬೆಲೆ ಹೇಳಿದರು. ನಗರದ ಒಳಭಾಗಕ್ಕೆ ಬರೋ ಕಾರಿಗೆ ದಿನಕ್ಕೆ 8 ಪೌಂಡ್ ಶುಲ್ಕ ಇತ್ತಲ್ಲ, ಕಿಲೋಮೀಟರಿಗೆ 225 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳೋ ಕಾರಿಗೆ ಅದು 25 ಪೌಂಡ್ ಆಗುತ್ತೆ ಅಂದರು. ಪೋರ್ಷೆ ಕಂಪನಿ ಕೋರ್ಟಿಗೆ ಹೋಯಿತು. ಮೇ ತಿಂಗಳ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಗೆದ್ದರು, ಯೋಜನೆ ಜಾರಿಯಾಗೋ ಮುಂಚೆಯೇ ರದ್ದಾಯಿತು. ಲಿವಿಂಗ್‌ಸ್ಟನ್ ಬೇಳೆ ಬೇಯಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ, 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಲ್ಯಾಂಡ್ ರೋವರನ್ನ ಕೊಂಡುಕೊಂಡದ್ದು ನಮ್ಮ ಟಾಟಾ ಮೋಟರ್ಸ್. ಅಲ್ಲಿಗೆ ಇದು ದೂರದ ದೇಶದ ಜಗಳವಾಗಿ ಉಳಿಯಲಿಲ್ಲ.

ಮುಂದೆ ಆಗಿದ್ದನ್ನ ಅಂಕಿಗಳೇ ಹೇಳ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2010ರಲ್ಲಿ ಜಗತ್ತಿನ ರಸ್ತೆಗಳಲ್ಲಿದ್ದ ಎಸ್‌ಯುವಿಗಳು ಸುಮಾರು 3.5 ಕೋಟಿ, 2018ಕ್ಕೆ 20 ಕೋಟಿಗೂ ಹೆಚ್ಚು. ಆ ಅವಧಿಯಲ್ಲಿ ಜಗತ್ತಿನ ಇಂಗಾಲದ ಹೊಗೆ ಹೆಚ್ಚಾಗೋದಕ್ಕೆ ವಿದ್ಯುತ್ ಉತ್ಪಾದನೆ ಬಿಟ್ಟರೆ ಎರಡನೇ ದೊಡ್ಡ ಕಾರಣ ಈ ಗಾಡಿಗಳು. ಅಂದ್ರೆ ಪರಿಸರದವರು ಎತ್ತಿದ ಪ್ರಶ್ನೆ ಸರಿಯಾಗೇ ಇತ್ತು. ಆದರೆ ನಕಲಿ ಚೀಟಿ, ಬೆಂಕಿ, ಬೇಳೆ ಯಾವುದೂ ಆ ಏರಿಕೆಯನ್ನ ತಡೆಯಲಿಲ್ಲ.

ತಡೆಯೋ ಪ್ರಯತ್ನ ಮತ್ತೆ ನಿಯಮದ ಕಡೆ ತಿರುಗಿದ್ದು ಪ್ಯಾರಿಸ್‌ನಲ್ಲಿ. 2024ರ ಫೆಬ್ರವರಿ 4ರಂದು ಅಲ್ಲಿನ ಮತದಾರರು ಭಾರದ ಕಾರುಗಳ ಪಾರ್ಕಿಂಗ್ ಶುಲ್ಕವನ್ನ ಮೂರು ಪಟ್ಟು ಮಾಡೋಕೆ ಒಪ್ಪಿದರು. ನಗರದ ನಡುವೆ ಗಂಟೆಗೆ 18 ಯೂರೋ. ಪರವಾಗಿ ಬಿದ್ದ ಮತ ಶೇ. 54.55. ಮತ ಹಾಕಿದವರು ನೂರಕ್ಕೆ ಆರು ಜನವೂ ಇಲ್ಲ ಅನ್ನೋದು ಬೇರೆ ಮಾತು. ಅಲ್ಲಿ ಗೆರೆ ಎಳೆದದ್ದು ತೂಕದ ಮೇಲೆ: ಪೆಟ್ರೋಲ್, ಡೀಸೆಲ್ ಕಾರಿಗೆ 1.6 ಟನ್, ಎಲೆಕ್ಟ್ರಿಕ್‌ಗೆ 2 ಟನ್. ಹೊರಗಿನಿಂದ ಬರೋರಿಗೆ ಮಾತ್ರ ಈ ದರ, ತಮ್ಮ ಮನೆ ಹತ್ತಿರ ನಿಲ್ಲಿಸೋ ಪ್ಯಾರಿಸ್‌ನವರಿಗೆ ಇಲ್ಲ.

ಗೆರೆ ಎಲ್ಲಿ ಎಳೆದರೂ ಕಂಪನಿಗಳು ಅದರ ಪಕ್ಕದಲ್ಲೇ ಬಂದು ನಿಲ್ತವೆ. ನಮ್ಮಲ್ಲೂ ಇದನ್ನ ನೋಡಿದ್ದೀವಿ. ದೆಹಲಿಯ ಗಾಳಿ ಕೆಟ್ಟಾಗ, 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿ ಪ್ರದೇಶದಲ್ಲಿ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮುಂದಿನ ತಿಂಗಳೇ ಮಹೀಂದ್ರಾ 1.99 ಲೀಟರ್ ಎಂಜಿನ್ ತಂದಿತು. ತಪ್ಪೇನಿಲ್ಲ, ಕಾನೂನು ಪಾಲಿಸಿದ್ದಾರೆ. 2016ರ ಆಗಸ್ಟ್‌ನಲ್ಲಿ ಶೇ. 1ರ ಹಸಿರು ಸೆಸ್ ಹಾಕಿ ನಿಷೇಧ ತೆಗೆದರು. 2013ರ ಕೇಂದ್ರ ಬಜೆಟ್ ಎಸ್‌ಯುವಿಗೆ ಹೆಚ್ಚು ತೆರಿಗೆ ಹಾಕಿದಾಗಲೂ ಉದ್ದ, ಎಂಜಿನ್ ಗಾತ್ರ, ನೆಲದಿಂದ ಎತ್ತರ ಇವುಗಳನ್ನೇ ಅಳೆದರು. ಗಾಡಿಯನ್ನ ಟೇಪು ಹಿಡಿದು ಅಳೀಬಹುದು, ಅಗತ್ಯವನ್ನ ಅಳೆಯೋದು ಕಷ್ಟ. ಹಾಗಂತ ಅಳೆಯೋದನ್ನೇ ಬಿಟ್ಟರೆ 1975ರಲ್ಲಿ ಆದ ಹಾಗೆ ಆಗುತ್ತೆ: ರೈತನ ಹೆಸರಲ್ಲಿ ತೆರೆದ ಬಾಗಿಲಿನಿಂದ ಇಡೀ ನಗರ ಒಳಗೆ ಬರುತ್ತೆ. ಜಗಳ ಮಾತ್ರ ಬೀದಿಯಲ್ಲಿ ಉಳಿಯುತ್ತೆ, ನಿಮ್ಮ ನನ್ನ ಮಧ್ಯೆ.

ನನ್ನ ಟೈರಿಗೆ ಯಾರಾದ್ರೂ ಬೇಳೆ ಇಟ್ಟರೆ ನನಗೆ ಸಿಟ್ಟು ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಆ ಕರಪತ್ರಕ್ಕೆ ಕೊಡೋಕೆ ನನ್ನ ಹತ್ತಿರ ಒಳ್ಳೆ ಉತ್ತರವೂ ಇಲ್ಲ. ಕಳೆದ ಮಳೆಗಾಲದಲ್ಲಿ ಊರಿಗೆ ಹೊರಟಾಗ ದೊಡ್ಡಪ್ಪ ಫೋನ್ ಮಾಡಿದ್ರು. ‘ನಿನ್ ಕಾರು ತೋಟದೊಳಗೆ ತರಬೇಡ ಮಾರಾಯ, ಹೂತ್ಕೊಳುತ್ತೆ. ಗೇಟಿನ ಹತ್ರ ನಿಲ್ಸು, ಜೀಪ್ ಕಳಿಸ್ತೀನಿ.’

ನಿಲ್ಲಿಸಿದೆ. ಜೀಪು ಬಂತು.

ಈ ವಾರಕ್ಕೆ ಇಷ್ಟೇ. ನಿಮ್ಮ ಮನೆ ಮುಂದೆ ನಿಂತಿರೋ ಗಾಡಿ ಬಗ್ಗೆ ನಿಮಗೇನನಿಸುತ್ತೆ, ಬರೆದು ತಿಳಿಸಿ.