ಪಾಟಾ ಎಣಿಸಿದ ಮೇಲೆ

ಮೊರಬದ ನಮ್ಮ ಹಿತ್ತಲಲ್ಲಿ ಹಳೆಯದೊಂದು ಜೀಪು ಪಿಕಪ್ ನಿಂತಿದೆ. ಬಹಳ ವರ್ಷ ಹತ್ತಿ, ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಓಡಾಡಿದ ಗಾಡಿ. ಕಾಕಾ ತೀರಿಕೊಂಡ ಮೇಲೆ ಅದಕ್ಕೆ ಕೆಲಸವಿಲ್ಲ. ಹೋದ ಬೇಸಿಗೆಯಲ್ಲಿ ಕಾಕಾನ ಮಗ ಅದಕ್ಕೆ ಬಣ್ಣ ಹೊಡೆಸಿದ, ಸೀಟು ಹೊಲಿಸಿದ. ಗಾಡಿ ಚೆಂದಾದ ಮೇಲೆ ಅದು ಹಿಂಬದಿ ಎತ್ತಿಕೊಂಡು ನಿಲ್ಲುವ ರೀತಿ ಅವನ ಕಣ್ಣಿಗೆ ಚುಚ್ಚತೊಡಗಿತು.

"ಅಣ್ಣಾ, ಹಿಂದ ನಾಕ ಇಂಚ ಇಳಸಬೇಕ ನೋಡು. ಯಾವ ಪಾಟಾ ತರಸಲಿ?" ಎಂದು ಕೇಳಿದ.

ನಾನು ಇತಿಹಾಸ ಓದಿದವನು, ಮೇಸ್ತ್ರಿಯಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಾಟಾ ಎಂದರೆ ಗಾಡಿಯ ಅಡಿಯಲ್ಲಿ ಒಂದರ ಮೇಲೊಂದು ಪೇರಿಸಿ ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಪಟ್ಟಿಗಳು. ಗಾಡಿ ಎಷ್ಟು ಎತ್ತರ ನಿಲ್ಲಬೇಕು ಎನ್ನುವುದನ್ನು ನಿರ್ಧರಿಸುವುದು ಅವೇ. ಆ ಎತ್ತರ ಎಲ್ಲಿಂದ ಬಂತು?

ನಮ್ಮ ಸೀಮೆಯ ಚಕ್ಕಡಿಗೆ ಪಾಟಾ ಇರಲಿಲ್ಲ. ಎರೆ ಹೊಲದ ಕೆಸರಿನಲ್ಲಿ ಹೂತುಹೋಗದಂತೆ ಅದನ್ನು ಕಾಯ್ದದ್ದು ಹಳಿ ಬಿಗಿದ ದೊಡ್ಡ ಗಾಲಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಮೈ ನೋಯದಿರಲೆಂದು ಅಡಿಯಲ್ಲಿ ಮೇವು ಹಾಸಿಕೊಳ್ಳುತ್ತಿದ್ದರು, ಅಷ್ಟೇ. ಪಾಟಾದ ಮೇಲೆ ಕೂರುವ ಸುಖ ಕಾಣಬೇಕೆಂದರೆ ಪೇಟೆಗೆ ಹೋಗಿ ಟಾಂಗಾ ಹತ್ತಬೇಕಿತ್ತು.

ಈ ಉಕ್ಕಿನ ಬಿಲ್ಲಿನ ಹಿಂದೆ ಒಂದು ತಮಾಷೆಯ ಕತೆಯಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ತಾನು ಕಂಡುಕೊಂಡ ನಿಯಮವನ್ನು ಅಕ್ಷರಗಳ ಕಲಸುಮೇಲೋಗರವಾಗಿ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡವನು ತಾನೇ ಎನ್ನುವುದಕ್ಕೆ ಸಾಕ್ಷಿ ಇರಬೇಕು! ಎರಡು ವರ್ಷ ಬಿಟ್ಟು 1678ರಲ್ಲಿ ಅವನೇ ಒಗಟು ಬಿಡಿಸಿದ: ಎಷ್ಟು ಹೊರೆಯೋ ಅಷ್ಟು ಬಾಗು. ನೂರು ಕಿಲೋಗೆ ಒಂದು ಇಂಚು ಬಾಗಿದರೆ ಇನ್ನೂರಕ್ಕೆ ಎರಡು. 1804ರಲ್ಲಿ ಒಬಡಯ್ಯ ಎಲಿಯಟ್ ಎಂಬ ಲಂಡನ್ನಿನ ಸಾರೋಟು ತಯಾರಕ ಎರಡು ಬಿಲ್ಲುಗಳನ್ನು ಎದುರುಬದುರು ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. 1908ರ ಫೋರ್ಡ್ ಮಾಡೆಲ್ ಟಿ ಕಾರು ಮುಂದೊಂದು ಹಿಂದೊಂದು ಅಡ್ಡ ಪಾಟಾದ ಮೇಲೆ ನಿಂತಿತ್ತು. ಅದೇ ಕಾರಿನ ಬೆನ್ನಿಗೆ 1925ರಲ್ಲಿ ಕಂಪನಿಯೇ ತೆರೆದ ಡಬ್ಬಿ ಕೂರಿಸಿ, 281 ಡಾಲರಿಗೆ ಪಿಕಪ್ ಎಂದು ಮಾರಿತು.

ಪಿಕಪ್ಪಿನ ತೊಡಕು ಶುರುವಾಗುವುದು ಇಲ್ಲಿಂದ. ಕಾರು ಹೊರುವುದು ನಾಲ್ಕೈದು ಜನರನ್ನು. ಪಿಕಪ್ ಒಮ್ಮೆ ಖಾಲಿ, ಒಮ್ಮೆ ತುಂಬಿದ ಚೀಲ. ತುಂಬಿದಾಗ ನೆಟ್ಟಗೆ ನಿಲ್ಲಲಿ ಎಂದು ಪಾಟಾ ಕಟ್ಟಿದರೆ ಖಾಲಿ ಇದ್ದಾಗ ಅದು ಹಿಂಬದಿ ಎತ್ತಿಯೇ ಎತ್ತುತ್ತದೆ. ನನ್ನ ತಮ್ಮನಿಗೆ ಕುರೂಪವಾಗಿ ಕಂಡದ್ದು, ಬಾರದೇ ಇರುವ ಹೊರೆಗಾಗಿ ಗಾಡಿ ಕಾದು ನಿಂತ ಭಂಗಿ.

ಇದು ಅವನೊಬ್ಬನ ಹುಚ್ಚೂ ಅಲ್ಲ. ಅಮೆರಿಕದಲ್ಲಿ ದುಡಿದು ಸವೆದ ಪಿಕಪ್‌ಗಳನ್ನು ಇಳಿಸುವುದು ಹಳೆಯ ಹವ್ಯಾಸ. 1960ರ ದಶಕದ ಷೆವ್ರೊಲೆ ಸಿ-10 ಅವರಿಗೆ ಅಚ್ಚುಮೆಚ್ಚು. ಅದರ ಹಿಂಬದಿಯಲ್ಲಿ ಪಾಟಾದ ಬದಲು ಸುರುಳಿ ಸ್ಪ್ರಿಂಗು, ಬದಲಿಸುವುದು ಸುಲಭ. ಕ್ಯಾಲಿಫೋರ್ನಿಯದ ಮೆಕ್ಸಿಕನ್ ಮೂಲದ ಹುಡುಗರು ಕಾರುಗಳನ್ನು ನೆಲಕ್ಕೆ ತಾಗುವಷ್ಟು ಇಳಿಸಿ ಮೆಲ್ಲಗೆ ಓಡಿಸುತ್ತಿದ್ದರು. ಗಾಲಿಯ ರಿಮ್ಮಿನ ತಳಕ್ಕಿಂತ ಕೆಳಗೆ ಗಾಡಿಯ ಯಾವ ಭಾಗವೂ ಇಳಿಯಬಾರದೆಂದು ಅಲ್ಲಿ 1958ರಿಂದ ಕಾನೂನೇ ಬಂತು. ಮರುವರ್ಷವೇ ರಾನ್ ಆಗೀರ್ ಎಂಬವನು ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ. ಎತ್ತರ ಇಳಿಸಿದ ಗಾಡಿಗಳ ಮೇಲಿದ್ದ ಆ ನಿರ್ಬಂಧ ರಾಜ್ಯಮಟ್ಟದಲ್ಲಿ ತೆರವಾದದ್ದು 2024ರ ಜನವರಿಯಲ್ಲಿ. ಸ್ಪ್ರಿಂಗಿನ ಎತ್ತರದ ಜಗಳದಲ್ಲಿ ಬೀದಿ ಯಾರದು ಎನ್ನುವ ಜಗಳವೂ ಸೇರಿತ್ತು ಎಂದೇ ನನಗೆ ಅನಿಸುತ್ತದೆ.

ಗಾಡಿ ಇಳಿಸುವ ದಾರಿಗಳು ಹಲವು. ಕಮಾನು ಕಡಿಮೆ ಇರುವ ಹೊಸ ಪಾಟಾ ತರಿಸಬಹುದು. ಮೇನ್ ಪಾಟಾದ ತುದಿಯ ಕಣ್ಣನ್ನು ಮೇಲ್ಮುಖದ ಬದಲು ಕೆಳಮುಖವಾಗಿ ಸುತ್ತಿದ್ದನ್ನು ಹಾಕಿದರೆ ಹೆಚ್ಚುಕಡಿಮೆ ಒಂದು ಕಣ್ಣಿನಷ್ಟು ಇಳಿಯುತ್ತದೆ. ಪಾಟಾ ಆಕ್ಸಲ್ಲಿನ ಮೇಲೆ ಕೂತಿದ್ದರೆ ಅದನ್ನು ಕೆಳಗೆ ದಾಟಿಸಬಹುದು; ನಮ್ಮದು ಜೀಪಿನ ವಂಶ, ಪಾಟಾ ಮೊದಲೇ ಆಕ್ಸಲ್ಲಿನ ಕೆಳಗಿದೆ, ಆ ದಾರಿ ಮುಚ್ಚಿದೆ. ಎರಡರ ನಡುವೆ ಕಬ್ಬಿಣದ ಗಟ್ಟಿ ಇಟ್ಟು ಉದ್ದದ ಯು ಬೋಲ್ಟ್ ಬಿಗಿಯಬಹುದು. ಎಲ್ಲಕ್ಕಿಂತ ಅಗ್ಗದ ದಾರಿಯೇ ಎಲ್ಲಕ್ಕಿಂತ ಕೆಟ್ಟದ್ದು: ಪಾಟಾವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಚಪ್ಪಟೆ ಮಾಡುವುದು. ಸಿಲಿಕಾನ್ ಬೆರೆತ ಆ ಉಕ್ಕಿಗೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಕಸುವು ತುಂಬಿರುತ್ತಾರೆ. ಬೇಕಾಬಿಟ್ಟಿ ಕಾಯಿಸಿದರೆ ಆ ಹದ ಹೋಗುತ್ತದೆ. ಆಮೇಲೆ ಅದು ಬಾಗುತ್ತದೆ, ಮರಳಿ ಏಳುವುದಿಲ್ಲ. ಇಲ್ಲವೇ ತಿರುವಿನಲ್ಲಿ ಪಟ್ಟನೆ ಮುರಿಯುತ್ತದೆ.

ಹುಬ್ಬಳ್ಳಿಯಲ್ಲಿ ಪಾಟಾದ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರ ಮುಂದೆ ತಮ್ಮ ಇದನ್ನೆಲ್ಲ ಒಪ್ಪಿಸಿದ. ಅವರು ಗಾಡಿಯ ಕೆಳಗೆ ಬಗ್ಗಿ ನೋಡಿ, "ಹೊಸಾ ಪಾಟಾ ಆಮ್ಯಾಲೆ ತರಸೂಣಂತ. ಮೊದಲ ಇದ್ದದ್ದ ಎಣಸ್ರಿ" ಅಂದರು.

ಒಂದೊಂದು ಬದಿಗೂ ಹತ್ತು ಇದ್ದವು. ಅದರಲ್ಲಿ ಮೂರರ ಅಗಲ ಒಂದೇ, ದಪ್ಪ ಬೇರೆ. ಅವು ಕಂಪನಿಯವಲ್ಲ, ಯಾವುದೋ ಲಾರಿಯಿಂದ ಕಿತ್ತವು, ಬೇರೆ ಬೇರೆ ವರ್ಷ ಸೇರಿಸಿದವು ಎಂದು ಮೇಸ್ತ್ರಿ ತುಕ್ಕು ನೋಡಿಯೇ ಹೇಳಿದರು. ಬೆಳೆ ಹೆಚ್ಚು ಬಂದ ವರ್ಷ ಕಾಕಾ ಎರಡು ಸಲ ಓಡಾಡುವ ಡೀಸೆಲ್ ಉಳಿಸಲು ಒಂದೇ ಸಲಕ್ಕೆ ಹೇರಿರಬೇಕು. ಹೇರಿದ್ದಕ್ಕೆ ಪಾಟಾ ಸೇರಿಸಿರಬೇಕು. ದಪ್ಪದ ಲೆಕ್ಕ ನಿರ್ದಯಿ: ಪಟ್ಟಿಯ ಬಿರುಸು ದಪ್ಪದ ಘನದಷ್ಟು ಏರುತ್ತದೆ. 6 ಮಿಲಿಮೀಟರಿನ ಬದಲು 8 ಮಿಲಿಮೀಟರಿನ ಪಟ್ಟಿ ಹಾಕಿದರೆ ಬಿರುಸು ಎರಡು ಪಟ್ಟು ದಾಟುತ್ತದೆ. ಕಾಕಾನ ಪಕ್ಕದಲ್ಲಿ ಕೂತು ಊರಿಗೆ ಮರಳುವಾಗ ನಮ್ಮ ಹಲ್ಲು ಕಟಕಟ ಅಂದದ್ದು ರಸ್ತೆಯ ತಪ್ಪು ಎಂದೇ ನಾವು ತಿಳಿದಿದ್ದೆವು.

ಆ ಮೂರನ್ನು ತೆಗೆಸಿ, ಹೊಸ ಸೆಂಟರ್ ಬೋಲ್ಟ್ ಹಾಕಿಸಿದ್ದಾಯಿತು. ಸವೆದ ಎರಡು ಪಟ್ಟಿಗಳ ಬದಲಿಗೆ ಅದೇ ಅಳತೆಯವನ್ನು ತರಿಸಿದೆವು. ಗಾಡಿ ಎರಡು ಇಂಚು ಇಳಿಯಿತು. ಉಳಿದೆರಡಕ್ಕೆ ಗಟ್ಟಿ ಇಡಿಸಲೇ ಎಂದು ತಮ್ಮ ಕೇಳಿದಾಗ ಮೇಸ್ತ್ರಿ ಒಪ್ಪಲಿಲ್ಲ. ಹೊಡೆತ ಬಿದ್ದರೆ ಆಕ್ಸಲ್ಲು ಚಾಸಿಗೆ ಬಡಿಯುತ್ತದೆ, ಶಾಕ್ ಅಬ್ಸಾರ್ಬರ್ ಕೂಡ ಗಿಡ್ಡದ್ದು ಬೇಕಾಗುತ್ತದೆ ಅಂದರು. ಕಾನೂನೂ ಅವರ ಕಡೆಗೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಹಾಗೆ ನೋಡಿದರೆ ಇಷ್ಟು ವರ್ಷ ನಿಯಮ ಮೀರಿ ನಿಂತದ್ದು ಕಾಕಾನ ಗಾಡಿಯೇ.

ನನಗೆ ಇನ್ನೊಂದು ಅಂಜಿಕೆ ಇತ್ತು. ಮಳೆಗಾಲದಲ್ಲಿ ಎರೆ ದಾರಿಯ ಗಾಲಿ ಜಾಡು ಆಳವಾಗಿ, ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಇಳಿಸಿದ ಗಾಡಿ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲವೆ? ಮೇಸ್ತ್ರಿ ನಕ್ಕರು. ಮೊದಲು ತಾಗುವುದು ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಗುಂಡು. ಅದರ ಎತ್ತರ ಟೈರಿನ ಮೇಲೆ ನಿಂತಿದೆ, ಪಾಟಾದ ಮೇಲಲ್ಲ. ಕಾಕಾ ಎಷ್ಟು ಪಾಟಾ ಸೇರಿಸಿದರೂ ಆ ಗುಂಡು ಒಂದು ಕೂದಲಷ್ಟೂ ಮೇಲೆ ಏರಿರಲಿಲ್ಲ.

ತೆಗೆದ ಆರು ಪಟ್ಟಿಗಳನ್ನು ಊರಿಗೆ ತಂದೆವು. ಲಾರಿ ಪಾಟಾದ ಉಕ್ಕೆಂದರೆ ಕಮ್ಮಾರರಿಗೆ ಆಸೆ. ಕುಡಗೋಲು, ಕುರ್ಚಿಗೆಗೆ ಅದರಷ್ಟು ಅಲಗು ಹಿಡಿಯುವುದು ಬೇರೆಯಿಲ್ಲ. ನಾಲ್ಕು ಕುಲುಮೆಗೆ ಹೋದವು. ಎರಡನ್ನು ತಮ್ಮ ಕೊಡಲಿಲ್ಲ. ಅವು ಕೊಟ್ಟಿಗೆಯ ಗೋಡೆಗೆ ಒರಗಿವೆ, ಕಾಕಾ ಬಾಗಿಸಿದಷ್ಟೇ ಬಾಗಿಕೊಂಡು.